ಇಂಧನ ವರದಿ ಸಲ್ಲಿಕೆ: ಪೋರ್ಟಲ್ ಕಟ್ಟಿಸುವ ಮೊದಲು ಮಾಡಬೇಕಾದ ಕೆಲಸಗಳು

ಬೆಂಗಳೂರಿನಲ್ಲಿ ಇಂಧನದ ವರದಿಗಳು ಓಡಾಡುವ ದಾರಿ ಉದ್ದವೇನಲ್ಲ. ವಿದ್ಯುತ್ ವಿತರಿಸುವ ಬೆಸ್ಕಾಂ ಕೆ.ಆರ್. ಸರ್ಕಲ್‌ನಲ್ಲಿದೆ. ವಿದ್ಯುತ್ ಸಾಗಿಸುವ ಕೆಪಿಟಿಸಿಎಲ್‌ನ ಕಾವೇರಿ ಭವನ ಅಲ್ಲಿಂದ ನಡೆದು ಹೋಗುವಷ್ಟು ದೂರ. ವಿದ್ಯುತ್ ಉತ್ಪಾದಿಸುವ ಕೆಪಿಸಿಎಲ್‌ನ ಶಕ್ತಿ ಭವನ ರೇಸ್ ಕೋರ್ಸ್ ರಸ್ತೆಯಲ್ಲಿ, ವಿದ್ಯುತ್ ನಿಯಂತ್ರಣ ಆಯೋಗ ವಸಂತನಗರದಲ್ಲಿ, ಇಂಧನ ಇಲಾಖೆ ವಿಕಾಸ ಸೌಧದಲ್ಲಿ. ಟ್ರಾಫಿಕ್ ಕೃಪೆ ಮಾಡಿದರೆ ಆಟೋದಲ್ಲಿ ಒಂದೇ ಬೆಳಗ್ಗೆ ಎಲ್ಲವನ್ನೂ ಸುತ್ತಿ ಬರಬಹುದು. ಆದರೆ ಒಂದು ಅಂಕಿ ಈ ಸುತ್ತು ಮುಗಿಸುವಷ್ಟರಲ್ಲಿ ತಿಂಗಳುಗಳು ಉರುಳಿರುತ್ತವೆ. ಒಂದು ಕಚೇರಿಯಲ್ಲಿ ಎಕ್ಸೆಲ್‌ನಲ್ಲಿರುವುದು ಪ್ರಿಂಟ್ ಆಗಿ, ಸಹಿಯಾಗಿ, ಸ್ಕ್ಯಾನ್ ಆಗಿ, ಪಿಡಿಎಫ್ ಆಗಿ ಹೋಗುತ್ತದೆ. ಇನ್ನೊಂದು ಕಚೇರಿಯಲ್ಲಿ ಅದನ್ನು ನೋಡಿಕೊಂಡು ಯಾರೋ ಮತ್ತೆ ಎಕ್ಸೆಲ್‌ಗೆ ಟೈಪ್ ಮಾಡುತ್ತಾರೆ.

ಇದನ್ನು ಸರಿಮಾಡೋಣ ಎಂದು ಸಭೆ ಕರೆದರೆ ಮೊದಲು ಬರುವ ಮಾತು, ‘ಒಂದು ಪೋರ್ಟಲ್ ಮಾಡಿಸೋಣ ಸಾರ್’. ನನ್ನ ಪ್ರಕಾರ ಪೋರ್ಟಲ್ ಕೊನೆಯ ಕೆಲಸ. ಅಂಕಿ ಹುಟ್ಟುವ ಜಾಗದಲ್ಲೇ ಅದನ್ನು ಒಮ್ಮೆ ಬರೆಯಬೇಕು, ಆಮೇಲೆ ಯಾರೂ ಅದನ್ನು ಮತ್ತೆ ಟೈಪ್ ಮಾಡಬಾರದು. ಇಷ್ಟು ಸಾಧಿಸಿದರೆ ಮಾಮೂಲಿ ಇಮೇಲ್‌ನಲ್ಲೂ ಕೆಲಸ ನಡೆಯುತ್ತದೆ. ಇದಿಲ್ಲದಿದ್ದರೆ ಎಷ್ಟು ಕೋಟಿಯ ಪೋರ್ಟಲ್ ಬಂದರೂ ಅದರೊಳಗೆ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳೇ ತುಂಬಿಕೊಳ್ಳುತ್ತವೆ.

ಈ ಬರಹ ಎಸ್ಕಾಂಗಳ (ವಿದ್ಯುತ್ ವಿತರಣಾ ಕಂಪನಿಗಳ), ಕ್ರೆಡಲ್‌ನ (ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮದ), ಇಲಾಖೆಯ ವರದಿ ತಯಾರಿಸುವ ಕುರ್ಚಿಯಲ್ಲಿ ಕೂತವರಿಗೆ. ಅವರಿಗೆ ನೆರವಾಗುವ ಸಲಹೆಗಾರರಿಗೂ ಉಪಯೋಗವಾಗಬಹುದು.

1. ಯಾರಿಗೆ ಏನು ಕೊಡುತ್ತಿದ್ದೇವೆ? ಪಟ್ಟಿ ಮಾಡಿ

ಇದು ಬೇಜಾರಿನ ಕೆಲಸ. ಆದರೆ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಒಂದು ಹಾಳೆಯಲ್ಲಿ ಏಳು ಅಂಕಣ ಹಾಕಿ: ವರದಿಯ ಹೆಸರು, ಕೇಳುವವರು, ಯಾವ ಕಾನೂನು ಅಥವಾ ಆದೇಶದ ಪ್ರಕಾರ, ಗಡುವು, ತಯಾರಿಸುವವರು, ಸಹಿ ಮಾಡುವವರು, ಒಳಗಿರುವ ಅಂಕಿಗಳು.

ಒಂದು ಎಸ್ಕಾಂನ ಪಟ್ಟಿಯೇ ಸಾಕಷ್ಟು ಉದ್ದ ಬರುತ್ತದೆ. 2003ರ ವಿದ್ಯುತ್ ಕಾಯ್ದೆಯ 74ನೇ ಕಲಂ ಮತ್ತು 2007ರ ನಿಯಮಾವಳಿ ಪ್ರಕಾರ ಕೇಂದ್ರ ವಿದ್ಯುತ್ ಪ್ರಾಧಿಕಾರಕ್ಕೆ ಅಂಕಿಅಂಶ ಕೊಡಬೇಕು. 2021ರ ಅಕ್ಟೋಬರ್‌ನಲ್ಲಿ ಬಂದ ಬಿಇಇ (ಕೇಂದ್ರದ ಇಂಧನ ದಕ್ಷತಾ ಬ್ಯೂರೋ) ನಿಯಮಾವಳಿಯಂತೆ ಮೂರು ತಿಂಗಳಿಗೊಮ್ಮೆ ಇಂಧನ ಲೆಕ್ಕ (ಎಷ್ಟು ಯೂನಿಟ್ ಒಳಬಂತು, ಎಷ್ಟು ಮಾರಿದೆವು, ಎಷ್ಟು ನಷ್ಟ), ವರ್ಷಕ್ಕೊಮ್ಮೆ ಸ್ವತಂತ್ರ ಆಡಿಟರ್‌ನಿಂದ ಇಂಧನ ಆಡಿಟ್. ರಾಜ್ಯದ ನಿಯಂತ್ರಣ ಆಯೋಗಕ್ಕೆ ದರ ಪರಿಷ್ಕರಣೆಯ ಅರ್ಜಿ, ಸೇವಾ ಗುಣಮಟ್ಟದ ವರದಿ. ಸರ್ಕಾರಿ ಕಂಪನಿ ಆದ್ದರಿಂದ ವಿಧಾನಮಂಡಲದ ಮುಂದೆ ಇಡಲು ವಾರ್ಷಿಕ ವರದಿ. ರಾಜ್ಯದ ಆರ್ಥಿಕ ಸಮೀಕ್ಷೆಗೆ ಮಾಹಿತಿ. ಇಷ್ಟು ಸಾಲದು ಎಂಬಂತೆ ಅಧಿವೇಶನ ಶುರುವಾದರೆ ಚುಕ್ಕೆ ಗುರುತಿನ ಪ್ರಶ್ನೆಗಳು. ಅವು ಕೇಳುವುದು ಕ್ಷೇತ್ರವಾರು ಲೆಕ್ಕ, ನಿಮ್ಮಲ್ಲಿರುವುದು ಉಪವಿಭಾಗವಾರು ಲೆಕ್ಕ. ಸಂಜೆಯೊಳಗೆ ಉತ್ತರ ಬೇಕು.

ಪಟ್ಟಿ ಮುಗಿದ ಮೇಲೆ ಎರಡು ಬಣ್ಣದ ಪೆನ್ ತಗೊಳ್ಳಿ. ಒಂದಕ್ಕಿಂತ ಜಾಸ್ತಿ ವರದಿಯಲ್ಲಿ ಬರುವ ಅಂಕಿಗೆ ಒಂದು ಬಣ್ಣ. ಮಾರಾಟವಾದ ಯೂನಿಟ್, ಗ್ರಾಹಕರ ಸಂಖ್ಯೆ, ವಿತರಣಾ ನಷ್ಟ ಇವೆಲ್ಲ ಎಷ್ಟೋ ಕಡೆ ಕಾಣುತ್ತವೆ. ‘ಯಾವ ಕಾನೂನು’ ಎಂಬ ಅಂಕಣ ಖಾಲಿ ಇರುವ ವರದಿಗೆ ಇನ್ನೊಂದು ಬಣ್ಣ. ಅಂಥವು ಬಹಳಷ್ಟು ಸಲ ಯಾವುದೋ ಕಾಲದಲ್ಲಿ ಯಾರೋ ಅಧಿಕಾರಿ ಒಂದು ಸಭೆಗೆಂದು ಕೇಳಿದ್ದು, ಆಮೇಲೆ ಸುಮ್ನೆ ಪ್ರತಿ ತಿಂಗಳೂ ಹೋಗುತ್ತಿರುವುದು. ಓದುವವರು ಇದ್ದಾರಾ ಎಂದು ಕೇಳಿ. ಇಲ್ಲದಿದ್ದರೆ ಒಂದು ಟಿಪ್ಪಣಿ ಹಾಕಿ, ಅನುಮೋದನೆ ಪಡೆದು ನಿಲ್ಲಿಸಿ. ಇಡೀ ಸುಧಾರಣೆಯಲ್ಲಿ ಇಷ್ಟು ಸುಲಭವಾಗಿ ಸಮಯ ಉಳಿಸುವ ಕೆಲಸ ಇನ್ನೊಂದಿಲ್ಲ.

2. ಅಂಕಿ ಎಲ್ಲಿ ಹುಟ್ಟುತ್ತದೆ ಎಂದು ಹುಡುಕಿಕೊಂಡು ಹೋಗಿ

ಎಲ್ಲ ಅಂಕಿಯೂ ಒಂದೇ ರೀತಿ ಹುಟ್ಟುವುದಿಲ್ಲ. ಮೀಟರ್‌ನಿಂದ ಬಂದದ್ದು ಒಂದು ಬಗೆ. ಅಂದಾಜಿನಿಂದ ಬಂದದ್ದು ಬೇರೆ ಬಗೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಐಪಿ ಸೆಟ್ (ಕೃಷಿ ನೀರಾವರಿ ಪಂಪ್‌ಸೆಟ್) ಬಳಕೆ.

10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಆ ಹಣವನ್ನು ಸರ್ಕಾರ ಸಬ್ಸಿಡಿಯಾಗಿ ಎಸ್ಕಾಂಗಳಿಗೆ ಕೊಡಬೇಕು. ಮೀಟರ್ ಇಲ್ಲದೆ ವಿದ್ಯುತ್ ಕೊಡಬಾರದು ಎಂದು 2003ರ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಆದರೂ ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲ. ಹಾಗಾದರೆ ರೈತರು ಬಳಸಿದ ಯೂನಿಟ್ ಎಷ್ಟು? ಅದನ್ನು ಲೆಕ್ಕ ಹಾಕಿ ಹೇಳಬೇಕು. ಸಬ್‌ಸ್ಟೇಷನ್‌ನಲ್ಲಿ ಕೃಷಿ ಫೀಡರ್‌ಗೆ (ಅಲ್ಲಿಂದ ಹೊಲಗಳ ಕಡೆ ಹೊರಡುವ ಲೈನ್) ಹೋದ ಯೂನಿಟ್‌ನ ರೀಡಿಂಗ್ ತಗೊಳ್ಳುತ್ತಾರೆ. ಅದರಲ್ಲಿ 11 ಕೆವಿ ಲೈನಿನ ನಷ್ಟ, ಕೆಳಗಿನ ಎಲ್‌ಟಿ (ಕಡಿಮೆ ವೋಲ್ಟೇಜ್) ಲೈನಿನ ನಷ್ಟ ಕಳೆಯುತ್ತಾರೆ. ಉಳಿದದ್ದನ್ನು ಆ ಫೀಡರ್‌ನ ಪಂಪ್‌ಸೆಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಸೆಟ್‌ನ ಸರಾಸರಿ. ಅದನ್ನು ಕಂಪನಿಯ ಒಟ್ಟು ಸೆಟ್‌ಗಳಿಗೆ ಗುಣಿಸಿದರೆ ಒಟ್ಟು ಬಳಕೆ.

ಈ ಲೆಕ್ಕದಲ್ಲಿ ಎಷ್ಟು ಕಡೆ ಜಾರಬಹುದು ನೋಡಿ. ನಷ್ಟ ಶೇಕಡಾ ಎಷ್ಟು ಎಂದು ಹಿಡಿದಿರಿ? ಬೋರ್‌ವೆಲ್ ಬತ್ತಿ ನಿಂತ ಪಂಪ್‌ಸೆಟ್‌ಗಳನ್ನು ಸಂಖ್ಯೆಯಿಂದ ತೆಗೆದಿರಾ? ಆಯೋಗ ಜಿಪಿಎಸ್ ಸಮೀಕ್ಷೆ ಮಾಡಿಸಿ ಎಂದು ಎಸ್ಕಾಂಗಳಿಗೆ ಹೇಳಿದ್ದು ಇದೇ ಕಾರಣಕ್ಕೆ. ಆ ಫೀಡರ್‌ನಲ್ಲಿ ತೋಟದ ಮನೆಗಳೂ ಇವೆಯಾ? ವರದಿಯಲ್ಲಿ ಕೊನೆಯ ಮೊತ್ತ ಮಾತ್ರ ಹೋದರೆ ಈ ಪ್ರಶ್ನೆಗಳಿಗೆ ಉತ್ತರ ಯಾರೋ ಒಬ್ಬ ಎಂಜಿನಿಯರ್ ತಲೆಯಲ್ಲಿರುತ್ತದೆ. ಅವರಿಗೆ ವರ್ಗಾವಣೆಯಾದರೆ ಅದೂ ಹೋಯಿತು.

ಆದ್ದರಿಂದ ಇಂಥ ಅಂಕಿಗೆ ಸಾಲು ಹೀಗಿರಲಿ: ಫೀಡರ್ ಸಂಕೇತ, ತಿಂಗಳು, ಫೀಡರ್‌ಗೆ ಹೋದ ಯೂನಿಟ್, ಹಿಡಿದ ನಷ್ಟ, ಚಾಲ್ತಿಯಲ್ಲಿರುವ ಸೆಟ್‌ಗಳು, ಬಂದ ಉತ್ತರ, ಯಾವ ವಿಧಾನ. ಮೊತ್ತವನ್ನು ಕಂಪ್ಯೂಟರ್ ಕೂಡಲಿ. ಸಬ್ಸಿಡಿ ಕೇಳುವ ಕಡತಕ್ಕೂ ಆಯೋಗಕ್ಕೆ ಹೋಗುವ ಅರ್ಜಿಗೂ ಬಿಇಇಗೆ ಹೋಗುವ ಲೆಕ್ಕಕ್ಕೂ ಇದೇ ಸಾಲುಗಳಿಂದ ಮೊತ್ತ ಬರಬೇಕು. ಒಂದಕ್ಕೆ ಒಂದು ಅಂಕಿ, ಇನ್ನೊಂದಕ್ಕೆ ಇನ್ನೊಂದು ಎಂದಾದರೆ ಆಯೋಗದ ಸಾರ್ವಜನಿಕ ವಿಚಾರಣೆಯಲ್ಲಿ ಆಕ್ಷೇಪಣೆ ಹಾಕಲು ಬಂದವರು ಎರಡೂ ಕಾಗದ ಹಿಡಿದು ನಿಂತಿರುತ್ತಾರೆ.

ಪ್ರತಿ ಅಂಕಿಗೂ ಒಬ್ಬ ಹೊಣೆಗಾರ ಇರಲಿ. ಹೆಸರು ಬೇಡ, ಹುದ್ದೆ ಸಾಕು. ‘ಕಾರ್ಯಪಾಲಕ ಎಂಜಿನಿಯರ್, ಇಂಧನ ಆಡಿಟ್’ ಎಂದು ಬರೆದರೆ ಕುರ್ಚಿಗೆ ಯಾರೇ ಬಂದರೂ ಹೊಣೆ ಅವರದು.

ಕ್ರೆಡಲ್‌ನ ಕಷ್ಟ ಬೇರೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಅದು ರಾಜ್ಯದ ನಿಯೋಜಿತ ಸಂಸ್ಥೆ. ಬಿಇಇಯ ರಾಜ್ಯ ಇಂಧನ ದಕ್ಷತಾ ಸೂಚ್ಯಂಕಕ್ಕೆ ಕಟ್ಟಡ, ಕೈಗಾರಿಕೆ, ನಗರಸಭೆ, ಸಾರಿಗೆ, ಕೃಷಿ, ವಿತರಣಾ ಕಂಪನಿ ಹೀಗೆ ಎಲ್ಲ ವಲಯದ ಮಾಹಿತಿ ಬೇಕು. 2021–22ರ ಸೂಚ್ಯಂಕದಲ್ಲಿ ಕರ್ನಾಟಕ ಮುಂಚೂಣಿ ರಾಜ್ಯಗಳ ಗುಂಪಿನಲ್ಲಿತ್ತು, 2023ರಲ್ಲೂ ಇತ್ತು. ಆದರೆ ಈ ಮಾಹಿತಿಯಲ್ಲಿ ಹೆಚ್ಚಿನದು ಕ್ರೆಡಲ್‌ನ ಸ್ವಂತದ್ದಲ್ಲ, ಬೇರೆ ಇಲಾಖೆಗಳಿಂದ ಕೇಳಿ ತರಬೇಕಾದ್ದು. ಬೇರೆ ಇಲಾಖೆಗೆ ನೆನಪೋಲೆ ಬರೆಯುತ್ತಾ ಕೂರುವ ಬದಲು ಪ್ರತಿ ಇಲಾಖೆಯಲ್ಲೂ ಒಬ್ಬ ನೋಡಲ್ ಅಧಿಕಾರಿಯನ್ನು ಸರ್ಕಾರದ ಆದೇಶದಲ್ಲೇ ಗೊತ್ತುಮಾಡಿಸಿ. ಅವರಿಗೆ ಇಡೀ ಪ್ರಶ್ನಾವಳಿ ಕಳಿಸಬೇಡಿ. ಅವರ ಇಲಾಖೆಗೆ ಸಂಬಂಧಿಸಿದ ಐದಾರು ಅಂಕಣ ಮಾತ್ರ ಕಳಿಸಿ. ನಲವತ್ತು ಪುಟದ ಪ್ರಶ್ನಾವಳಿ ನೋಡಿದರೆ ಯಾರೂ ಅದನ್ನು ಇವತ್ತು ತೆರೆಯುವುದಿಲ್ಲ, ಅಲ್ವಾ?

3. ಪದ, ಅಳತೆ, ಊರು, ವರ್ಷ: ನಾಲ್ಕಕ್ಕೂ ಒಂದೇ ನಿಘಂಟು

ಮೊದಲು ಅಳತೆ. ಒಂದು ಮಿಲಿಯನ್ ಯೂನಿಟ್ ಎಂದರೆ 10 ಲಕ್ಷ ಯೂನಿಟ್. ಒಬ್ಬರು ಲಕ್ಷದಲ್ಲಿ, ಇನ್ನೊಬ್ಬರು ಮಿಲಿಯನ್‌ನಲ್ಲಿ ಬರೆದರೆ ಹತ್ತು ಪಟ್ಟು ವ್ಯತ್ಯಾಸ. ಪಂಪ್‌ಸೆಟ್ ಎಚ್‌ಪಿಯಲ್ಲಿ, ಉಳಿದದ್ದು ಕಿಲೋವ್ಯಾಟ್‌ನಲ್ಲಿ; ಒಂದು ಎಚ್‌ಪಿಗೆ 0.746 ಕಿಲೋವ್ಯಾಟ್. ಛಾವಣಿ ಸೋಲಾರ್‌ನಲ್ಲಿ ಪ್ಯಾನೆಲ್‌ನ ಡಿಸಿ ಸಾಮರ್ಥ್ಯ ಒಂದು, ಇನ್ವರ್ಟರ್‌ನ ಎಸಿ ಸಾಮರ್ಥ್ಯ ಇನ್ನೊಂದು. ವರದಿಯಲ್ಲಿ ಯಾವುದು ಎಂದು ಬರೆಯದಿದ್ದರೆ ಕೂಡುವ ಹಾಗೇ ಇಲ್ಲ. 2022–27ರ ನವೀಕರಿಸಬಹುದಾದ ಇಂಧನ ನೀತಿಯಲ್ಲಿ ಛಾವಣಿ ಸೋಲಾರ್‌ಗೆ ಪ್ರತ್ಯೇಕ ಗುರಿ ಇರುವುದರಿಂದ ಇದು ಬರೀ ತಾಂತ್ರಿಕ ವಿಷಯವಲ್ಲ.

ಆಮೇಲೆ ವರ್ಷ. ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಜಲವಿದ್ಯುತ್‌ನವರ ನೀರಿನ ವರ್ಷ ಜೂನ್‌ನಿಂದ ಮೇ. ಕೆಲವರು ಜನವರಿಯಿಂದ ಡಿಸೆಂಬರ್ ಕೇಳುತ್ತಾರೆ. ಇದಕ್ಕೆ ಜಗಳ ಬೇಡ. ಎಲ್ಲವನ್ನೂ ತಿಂಗಳವಾರು ಇಟ್ಟುಕೊಳ್ಳಿ, ಯಾವ ವರ್ಷ ಬೇಕಾದರೂ ಕೂಡಿಕೊಳ್ಳಬಹುದು.

ಊರಿನ ಹೆಸರಿನ ಗೋಳು ಇನ್ನೂ ಜಾಸ್ತಿ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಬದಲಾಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ‘ಬೆಂಗಳೂರು ದಕ್ಷಿಣ’ ಎಂದರೆ ಈಗ ಒಂದು ಜಿಲ್ಲೆ, ಒಂದು ಪಾಲಿಕೆ, ಒಂದು ಲೋಕಸಭಾ ಕ್ಷೇತ್ರ, ಒಂದು ತಾಲ್ಲೂಕು. ವಿಜಯಪುರ ಎಂದರೆ ಜಿಲ್ಲೆಯೂ ಹೌದು, ದೇವನಹಳ್ಳಿ ತಾಲ್ಲೂಕಿನ ಊರೂ ಹೌದು. ಹೆಸರು ನಂಬಿದರೆ ಲೆಕ್ಕ ಕೆಡುತ್ತದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಎಲ್‌ಜಿಡಿ ಸಂಕೇತಗಳನ್ನು (ಪ್ರತಿ ಊರು, ತಾಲ್ಲೂಕು, ಜಿಲ್ಲೆಗೆ ಕೊಟ್ಟ ಸಂಖ್ಯೆಗಳು) ಬಳಸಿ, ಜೊತೆಗೆ ‘ಯಾವ ದಿನಾಂಕದಿಂದ’ ಎಂಬ ಅಂಕಣ ಹಾಕಿ. ಹೆಸರು ಓದುವವರಿಗೆ, ಸಂಕೇತ ಕಂಪ್ಯೂಟರ್‌ಗೆ.

ಇದೇ ನಿಘಂಟಿನಲ್ಲಿ ನಿಮ್ಮ ಉಪವಿಭಾಗ, ಫೀಡರ್, ಟಿಸಿಗಳು (ಟ್ರಾನ್ಸ್‌ಫಾರ್ಮರ್‌ಗಳು) ಯಾವ ತಾಲ್ಲೂಕು, ಯಾವ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತವೆ ಎಂಬ ಹೊಂದಾಣಿಕೆ ಪಟ್ಟಿಯೂ ಇರಲಿ. 224 ಕ್ಷೇತ್ರಗಳಿಗೆ ಒಮ್ಮೆ ಮಾಡಿಟ್ಟುಕೊಂಡರೆ ಅಧಿವೇಶನದ ಸಂಜೆಗಳು ಹಗುರವಾಗುತ್ತವೆ.

‘ಐದು ಎಸ್ಕಾಂ’ ಎಂದು ಬರೆದು ಮುಗಿಸುವವರಿಗೆ ಒಂದು ಮಾತು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೂ ವಿತರಣೆ ಮಾಡುತ್ತದೆ. ಅದನ್ನು ಬಿಟ್ಟರೆ ರಾಜ್ಯದ ಮೊತ್ತ ತಪ್ಪು. ಎಸ್ಕಾಂ ಸಂಘಕ್ಕೆ ಮಾರಿದ್ದನ್ನೂ ಸಂಘ ಗ್ರಾಹಕರಿಗೆ ಮಾರಿದ್ದನ್ನೂ ಕೂಡಿದರೆ ಅದೂ ತಪ್ಪು.

4. ಹಾಳೆ ಹೀಗಿರಲಿ

ಒಂದು ಸಾಲು, ಒಂದು ಸಂಗತಿ. ‘ಇಂಥ ಉಪವಿಭಾಗ, ಇಂಥ ತಿಂಗಳು, ಇಂಥ ಗ್ರಾಹಕ ವರ್ಗ, ಇಷ್ಟು ಯೂನಿಟ್, ಅಂಕಿಯ ಸ್ಥಿತಿ.’ ಅಷ್ಟೇ. ಮೇಲೆ ಮೂರು ಸಾಲಿನ ಶೀರ್ಷಿಕೆ, ಒಂದಕ್ಕೊಂದು ಸೇರಿಸಿದ ಸೆಲ್‌ಗಳು, ನಡುನಡುವೆ ‘ಒಟ್ಟು’ ಎಂಬ ಸಾಲು, ಕೆಂಪು ಬಣ್ಣ ಹಾಕಿದರೆ ‘ಪರಿಷ್ಕೃತ’ ಎಂಬ ಒಳಗುಟ್ಟು, ಇವೆಲ್ಲ ನೋಡಲು ಚೆಂದ. ಕಂಪ್ಯೂಟರ್‌ಗೆ ಮಾತ್ರ ಇದ್ಯಾವುದೂ ಅರ್ಥವಾಗುವುದಿಲ್ಲ. ಖಾಲಿ ಬಿಟ್ಟ ಸೆಲ್, ಸೊನ್ನೆ, ಅಡ್ಡಗೀಟು ಮೂರಕ್ಕೂ ಅರ್ಥ ಬೇರೆ. ಬಳಕೆ ಇಲ್ಲದಿದ್ದರೆ ಸೊನ್ನೆ ಹಾಕಿ. ಮಾಹಿತಿ ಬಂದಿಲ್ಲದಿದ್ದರೆ ಖಾಲಿ ಬಿಟ್ಟು ಪಕ್ಕದ ಅಂಕಣದಲ್ಲಿ ಕಾರಣ ಬರೆಯಿರಿ.

ಅಂಕಿಯ ಸ್ಥಿತಿ ಎಂಬ ಅಂಕಣದಲ್ಲಿ ಮೂರೇ ಪದ: ತಾತ್ಕಾಲಿಕ, ಪರಿಷ್ಕೃತ, ಆಡಿಟ್ ಆದದ್ದು. ನವೆಂಬರ್‌ನಲ್ಲಿ ಕೊಟ್ಟ ಅಂಕಿಗೂ ಮುಂದಿನ ವರ್ಷ ಕೊಟ್ಟದ್ದಕ್ಕೂ ಯಾಕೆ ವ್ಯತ್ಯಾಸ ಎಂದು ಕೇಳಿದರೆ ಉತ್ತರ ಇಲ್ಲೇ ಇರುತ್ತದೆ.

ಕನ್ನಡದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ವರದಿ ಪರದೆಯಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ರೋಮನ್ ಅಕ್ಷರ, ಚಿಹ್ನೆಗಳ ಸಾಲು. ಪಿಡಿಎಫ್‌ನಲ್ಲಿ ‘ವಿದ್ಯುತ್’ ಎಂದು ಹುಡುಕಿದರೆ ಪದ ಕಣ್ಣೆದುರೇ ಇದ್ದರೂ ಸಿಗುವುದಿಲ್ಲ. ಆದ್ದರಿಂದ ಯೂನಿಕೋಡ್ ಕಡ್ಡಾಯ ಎಂದು ಸುತ್ತೋಲೆಯಲ್ಲೇ ಬರೆಯಿರಿ. ಟೈಪಿಸ್ಟ್‌ಗಳು ಹೆದರಬೇಕಿಲ್ಲ. ನುಡಿಯ ಕೀಲಿಮಣೆ ವಿನ್ಯಾಸದಲ್ಲೇ ಯೂನಿಕೋಡ್ ಟೈಪ್ ಮಾಡಬಹುದು, ಬೆರಳಿಗೆ ಹೊಸ ಅಭ್ಯಾಸ ಬೇಡ. ಹಳೆಯ ಕಡತಗಳನ್ನು ಪರಿವರ್ತಕದಲ್ಲಿ ಹಾಕಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ. ಕೆಡುವುದು ಅಲ್ಲೇ.

ಹಾಗೇ ಅಂಕಿಗಳು. ಮುದ್ರಿತ ವರದಿಯಲ್ಲಿ ಕನ್ನಡ ಅಂಕಿ ಬಳಸಿ, ಸಂತೋಷ. ಎಕ್ಸೆಲ್ ಹಾಳೆಯಲ್ಲಿ ೧೨೫ ಎಂದು ಹಾಕಿದರೆ ಎಕ್ಸೆಲ್ ಅದನ್ನು ಬರೀ ಪಠ್ಯ ಎಂದುಕೊಳ್ಳುತ್ತದೆ, ಮೊತ್ತಕ್ಕೆ ಸೇರಿಸುವುದಿಲ್ಲ. ದೂರನ್ನೂ ಹೇಳುವುದಿಲ್ಲ. ಮಾಹಿತಿ ಹಾಳೆಯಲ್ಲಿ 125 ಎಂದೇ ಇರಲಿ.

ಹಾಳೆಯನ್ನು ಯುಟಿಎಫ್-8 ಸಿಎಸ್‌ವಿ (ಯೂನಿಕೋಡ್‌ನಲ್ಲಿರುವ, ಅಲ್ಪವಿರಾಮದಿಂದ ಅಂಕಣ ಬೇರ್ಪಡಿಸಿದ ಸರಳ ಪಠ್ಯ ಕಡತ) ಆಗಿ ಉಳಿಸಿ. ಹತ್ತು ವರ್ಷದ ಮೇಲೂ ಯಾವ ಸಾಫ್ಟ್‌ವೇರ್‌ನಲ್ಲಾದರೂ ತೆರೆಯುತ್ತದೆ.

5. ಕಳಿಸುವ ಮೊದಲು ಕಂಪ್ಯೂಟರ್‌ನಿಂದಲೇ ಪರೀಕ್ಷೆ

‘ಪರಿಶೀಲಿಸಿ ಸಲ್ಲಿಸಲಾಗಿದೆ’ ಎಂಬ ಸೀಲಿನಿಂದ ತಪ್ಪು ಹಿಡಿಯಲು ಆಗುವುದಿಲ್ಲ. ಎಕ್ಸೆಲ್‌ನಲ್ಲೇ ನಾಲ್ಕು ಸೂತ್ರ ಹಾಕಿಟ್ಟರೆ ಬಹಳ ತಪ್ಪು ಅಲ್ಲೇ ಸಿಕ್ಕಿಬೀಳುತ್ತವೆ.

ಲೆಕ್ಕ ಕೂಡುತ್ತದಾ ಎಂಬುದು ಮೊದಲನೆಯದು. ಒಳಬಂದ ಯೂನಿಟ್‌ನಲ್ಲಿ ಮಾರಿದ್ದನ್ನು ಕಳೆದರೆ ನಷ್ಟ ಬರಬೇಕು. ಬಂದ ನಷ್ಟ ಋಣಾತ್ಮಕವಾದರೆ ಎಲ್ಲೋ ರೀಡಿಂಗ್ ತಿಂಗಳು ದಾಟಿದೆ ಎಂದರ್ಥ.

ಎರಡನೆಯದು, ಹೆಸರು ಹತ್ತಿರವಿರುವ ಎರಡು ಅಂಕಿ ಬೆರೆತಿವೆಯಾ? ವಿತರಣಾ ನಷ್ಟವನ್ನು ಎಟಿ ಅಂಡ್ ಸಿ ಲಾಸ್ (ವಿತರಣಾ ನಷ್ಟದ ಜೊತೆ ವಸೂಲಾಗದ ಬಿಲ್ ಹಣವನ್ನೂ ಸೇರಿಸಿದ ನಷ್ಟ) ಜಾಗದಲ್ಲಿ ಹಾಕುವುದು ಮಾಮೂಲಿ ತಪ್ಪು. ಒಂದು ಕಾಲ್ಪನಿಕ ಲೆಕ್ಕ ನೋಡಿ. 100 ಮಿಲಿಯನ್ ಯೂನಿಟ್ ಒಳಬಂತು, 88ಕ್ಕೆ ಬಿಲ್ ಆಯಿತು. ವಿತರಣಾ ನಷ್ಟ ಶೇ. 12. ಬಿಲ್ ಮಾಡಿದ ಹಣದಲ್ಲಿ ಶೇ. 97 ವಸೂಲಾಯಿತು. 0.88ನ್ನು 0.97ರಿಂದ ಗುಣಿಸಿದರೆ 0.8536. ಒಂದರಿಂದ ಕಳೆದರೆ ಎಟಿ ಅಂಡ್ ಸಿ ಲಾಸ್ ಶೇ. 14.64. ಎರಡೂ ಅಂಕಣದಲ್ಲಿ 12 ಎಂದೇ ಇದ್ದರೆ ಹಾಳೆ ಕೆಂಪಾಗಬೇಕು.

ಮೂರನೆಯದು, ಭೌತಿಕವಾಗಿ ಸಾಧ್ಯವಾ? ಒಂದು ಮೆಗಾವ್ಯಾಟ್ ಸ್ಥಾವರ ವರ್ಷವಿಡೀ ನಿಲ್ಲದೆ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೂ 8.76 ಮಿಲಿಯನ್ ಯೂನಿಟ್ ಮೀರುವುದಿಲ್ಲ. ಸೋಲಾರ್ ರಾತ್ರಿ ಓಡುವುದಿಲ್ಲ. ಆ 8.76ರಲ್ಲಿ ಐದನೇ ಒಂದು, ನಾಲ್ಕನೇ ಒಂದು ಭಾಗ ಬಂದರೆ ಸಹಜ. 2,050 ಮೆಗಾವ್ಯಾಟ್‌ನ ಪಾವಗಡ ಸೋಲಾರ್ ಪಾರ್ಕ್‌ಗೆ ಹಾಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 3,600ರಿಂದ 4,500 ಮಿಲಿಯನ್ ಯೂನಿಟ್. ಯಾರಾದರೂ 10,000 ಎಂದು ಬರೆದು ಕಳಿಸಿದರೆ ಅಳತೆ ತಪ್ಪಿದೆ.

ನಾಲ್ಕನೆಯದು ಹೋಲಿಕೆ. ಇಲ್ಲಿ ಒಂದು ಎಚ್ಚರ. ಪವನ ವಿದ್ಯುತ್ ಮುಂಗಾರಿನಲ್ಲಿ ಏರುತ್ತದೆ, ಪಂಪ್‌ಸೆಟ್ ಬಳಕೆ ಬೇಸಿಗೆಯಲ್ಲಿ ಏರುತ್ತದೆ. ಜುಲೈಯನ್ನು ಏಪ್ರಿಲ್ ಜೊತೆ ಹೋಲಿಸಿ ಗಾಬರಿಯಾಗಬೇಡಿ. ಹೋದ ವರ್ಷದ ಜುಲೈ ಜೊತೆ ಹೋಲಿಸಿ. ಇನ್ನೊಂದು, ಯೋಜನೆ ಬದಲಾದರೆ ಸರಣಿಯೂ ಜಿಗಿಯುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಮನೆ ಬಳಕೆಯ ಸಬ್ಸಿಡಿ ಅಂಕಣ ಹಿಂದಿನಂತೆ ಇಲ್ಲ. ಅಂಥ ಕಡೆ ಟಿಪ್ಪಣಿ ಕಡ್ಡಾಯ.

ಪರೀಕ್ಷೆಯಲ್ಲಿ ಸಿಕ್ಕ ಅಂಕಿಯನ್ನು ಮೇಲಿನ ಕಚೇರಿ ತಾನೇ ತಿದ್ದಬಾರದು. ಹುಟ್ಟಿದ ಜಾಗಕ್ಕೆ ವಾಪಸ್ ಕಳಿಸಬೇಕು. ಈ ನಿಯಮ ಮುರಿದ ದಿನವೇ ಎರಡು ಕಚೇರಿಗಳಲ್ಲಿ ಎರಡು ಅಂಕಿ ಶುರುವಾಗುತ್ತವೆ.

6. ಸಹಿ, ಸಲ್ಲಿಕೆ, ಸ್ವೀಕೃತಿ

ಇ-ಆಫೀಸ್‌ನಲ್ಲಿ ಕಡತ ಓಡಾಡುತ್ತದೆ ನಿಜ. ಆದರೆ ಅದರಲ್ಲಿ ಲಗತ್ತಾಗುವುದು ಬಹಳಷ್ಟು ಸಲ ಕಾಗದದ ಚಿತ್ರ. ವಿಧಾನ ಹೀಗಿರಲಿ: ಸಿಎಸ್‌ವಿ ಕಡತವೇ ಮೂಲ. ಅದರಿಂದ ತಯಾರಾದ ಒಂದು ಪುಟದ ಸಾರಾಂಶ ಪಿಡಿಎಫ್‌ಗೆ ಅಧಿಕಾರಿ ಡಿಜಿಟಲ್ ಸಹಿ ಹಾಕುತ್ತಾರೆ. ಆ ಪುಟದಲ್ಲಿ ಸಿಎಸ್‌ವಿ ಕಡತದ ಹ್ಯಾಶ್ ಸಂಖ್ಯೆ (ಕಡತದಿಂದ ಕಂಪ್ಯೂಟರ್ ಲೆಕ್ಕ ಹಾಕುವ, ಬೆರಳಚ್ಚಿನಂಥ ಗುರುತು) ಇರುತ್ತದೆ. ಕಡತದಲ್ಲಿ ಒಂದು ಅಂಕಿ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಆದ್ದರಿಂದ ಸಹಿಯಾದ ಮೇಲೆ ಯಾರಾದರೂ ಕೈಯಾಡಿಸಿದರೆ ಗೊತ್ತಾಗುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೂ ಡಿಜಿಟಲ್ ಸಹಿಗೂ ಮಾನ್ಯತೆ ಕೊಟ್ಟಿದೆ. ‘ಜೊತೆಗೆ ಮೂರು ಹಾರ್ಡ್ ಕಾಪಿ ಕಳಿಸಿ’ ಎಂಬ ಸಾಲನ್ನು ಸುತ್ತೋಲೆಯಿಂದ ತೆಗೆಸುವವರೆಗೂ ಬಿಡಬೇಡಿ. ಆ ಸಾಲು ಇರುವವರೆಗೆ ಜನ ಮೊದಲು ಹಾರ್ಡ್ ಕಾಪಿಯನ್ನೇ ತಯಾರಿಸುತ್ತಾರೆ. ಡಿಜಿಟಲ್ ಎಂಬುದು ಹೆಚ್ಚುವರಿ ಕೆಲಸವಾಗಿ ಉಳಿಯುತ್ತದೆ.

ಸ್ವೀಕೃತಿ ಸಂಖ್ಯೆ ಇನ್ನೊಂದು ಮುಖ್ಯ ವಿಷಯ. 2011ರ ಸಕಾಲ ಕಾಯ್ದೆ ಬಂದ ಮೇಲೆ ಒಂದು ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವರಿಗೂ ಜಿಎಸ್‌ಸಿ (ಅರ್ಜಿಯ ಸ್ವೀಕೃತಿ) ಸಂಖ್ಯೆ ಸಿಗುತ್ತದೆ, ಗಡುವು ಗೊತ್ತಿರುತ್ತದೆ. ಒಂದು ನಿಗಮ ಇಲಾಖೆಗೆ ಕೊಡುವ ವರದಿಗೆ ಅಷ್ಟಾದರೂ ಬೇಡವಾ? ಸಲ್ಲಿಸಿದ ಸಮಯ, ಪರೀಕ್ಷೆಯಲ್ಲಿ ಪಾಸಾದದ್ದು, ಸ್ವೀಕರಿಸಿದ ಹುದ್ದೆ ಮೂರೂ ಇರುವ ಒಂದು ಸಂಖ್ಯೆ ತಾನಾಗಿ ಬರಲಿ. ‘ನಾವು ಕಳಿಸಿದ್ದೇವೆ’, ‘ನಮಗೆ ಬಂದಿಲ್ಲ’ ಎಂಬ ಫೋನ್ ಕರೆಗಳು ನಿಲ್ಲುತ್ತವೆ.

ತಿದ್ದುಪಡಿ ಬಂದರೆ ಹಳೆಯ ಕಡತ ಅಳಿಸಬೇಡಿ. ಎರಡನೇ ಆವೃತ್ತಿ ಎಂದು ಹೊಸದು ಹಾಕಿ, ಏನು ಬದಲಾಯಿತು, ಯಾಕೆ ಎಂದು ಎರಡು ಸಾಲು ಬರೆಯಿರಿ.

7. ಪ್ರಕಟಣೆ

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಸ್ವಯಂಪ್ರೇರಿತ ಪ್ರಕಟಣೆ ಕೇಳುತ್ತದೆ. ಬಿಇಇಯ ಇಂಧನ ಲೆಕ್ಕ, ಆಡಿಟ್ ವರದಿಗಳೂ ಸಾರ್ವಜನಿಕವಾಗಬೇಕಾದವೇ. ಪಿಡಿಎಫ್ ಜೊತೆ ಸಿಎಸ್‌ವಿಯನ್ನೂ ಹಾಕಿ. ಆದರೆ ಆರ್.ಆರ್. ನಂಬರ್, ಗ್ರಾಹಕರ ಹೆಸರು, ವಿಳಾಸ ಹೊರಗೆ ಹೋಗಬಾರದು. ಒಂದು ಸೂಕ್ಷ್ಮ ಇದೆ. ಒಂದು ತಾಲ್ಲೂಕಿನಲ್ಲಿ ಒಂದೇ ದೊಡ್ಡ ಎಚ್‌ಟಿ (ಹೆಚ್ಚು ವೋಲ್ಟೇಜ್‌ನ) ಕಾರ್ಖಾನೆ ಇದ್ದರೆ ತಾಲ್ಲೂಕಿನ ಎಚ್‌ಟಿ ಮೊತ್ತವೇ ಅದರ ಬಿಲ್. ಅಂಥ ಕಡೆ ಜಿಲ್ಲೆಯ ಮೊತ್ತ ಮಾತ್ರ ಕೊಡಿ.

8. ಈಗ ಪೋರ್ಟಲ್

ಮೇಲಿನದೆಲ್ಲ ಒಂದು ವರದಿಗಾದರೂ ಆದ ಮೇಲೆ ಸಾಫ್ಟ್‌ವೇರ್ ಮಾತಾಡಿ. ಟೆಂಡರ್ ಕೆಟಿಪಿಪಿ (ಸರ್ಕಾರಿ ಖರೀದಿಯ ಪಾರದರ್ಶಕತೆ) ಕಾಯ್ದೆಯ ದಾರಿಯಲ್ಲೇ ಹೋಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಷರತ್ತುಗಳಲ್ಲಿ ಇವು ಇರಲೇಬೇಕು: ಮಾಹಿತಿ ಸರ್ಕಾರದ್ದು, ಎಲ್ಲವನ್ನೂ ಯಾವಾಗ ಬೇಕಾದರೂ ಸಿಎಸ್‌ವಿಯಲ್ಲಿ ಹೊರತೆಗೆಯಬಹುದು, ಗುತ್ತಿಗೆ ಮುಗಿದರೆ ಮೂಲ ಕೋಡ್ ಕೊಟ್ಟು ಹೋಗಬೇಕು, ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಎಪಿಐ (ಎರಡು ಸಾಫ್ಟ್‌ವೇರ್‌ಗಳ ನಡುವಿನ ಕೊಂಡಿ) ಮೂಲಕ ನೇರವಾಗಿ ಅಂಕಿ ಬರಬೇಕು, ನಮೂನೆ ಬದಲಾದರೆ ಕಂಪನಿಯನ್ನು ಕರೆಯದೆ ನಾವೇ ಅಂಕಣ ಸೇರಿಸುವಂತಿರಬೇಕು. ಕೊನೆಯದನ್ನು ಬಿಟ್ಟರೆ ಪ್ರತಿ ಬದಲಾವಣೆಗೂ ಒಂದು ಬಿಲ್ ಬರುತ್ತದೆ.

ನಾವು ತಡವಾದೆವು ಎಂದು ಕುಗ್ಗಬೇಕಿಲ್ಲ. ಅಮೆರಿಕದ ಫೆಡರಲ್ ಇಂಧನ ನಿಯಂತ್ರಣ ಆಯೋಗ ತನ್ನ ಮುಖ್ಯ ಹಣಕಾಸು ನಮೂನೆಗಳನ್ನು ವಿಷುಯಲ್ ಫಾಕ್ಸ್‌ಪ್ರೋ ಎಂಬ ಸಾಫ್ಟ್‌ವೇರ್‌ನಿಂದ ಎಕ್ಸ್‌ಬಿಆರ್‌ಎಲ್ ಎಂಬ, ಕಂಪ್ಯೂಟರ್ ಓದಬಲ್ಲ ವರದಿ ವಿನ್ಯಾಸಕ್ಕೆ ತಂದದ್ದು 2021ರಲ್ಲಿ. ಅಲ್ಲಿಯವರೆಗೆ ಅವರೂ ಹಳೆಯ ಸಾಫ್ಟ್‌ವೇರ್‌ನಲ್ಲೇ ಹೆಣಗಾಡುತ್ತಿದ್ದರು.

9. ಯಾವ ವರದಿಯಿಂದ ಶುರುಮಾಡುವುದು

ಮೂರು ತಿಂಗಳ ಇಂಧನ ಲೆಕ್ಕದಿಂದ. ಕಾರಣ ಸರಳ. ಕಾನೂನು ಇದೆ, 60 ದಿನದ ಗಡುವು ಇದೆ, ನಮೂನೆ ಸಿದ್ಧ ಇದೆ, ತಯಾರಿಸುವ ಎನರ್ಜಿ ಮ್ಯಾನೇಜರ್ ಯಾರು ಎಂದು ಗೊತ್ತಿದೆ. ಒಂದು ವಿಭಾಗವನ್ನು ಆರಿಸಿಕೊಳ್ಳಿ. ನಗರದ ವಿಭಾಗ ಬೇಡ, ಕೃಷಿ ಫೀಡರ್ ಇರುವುದನ್ನೇ ತಗೊಳ್ಳಿ. ಜಯನಗರದಲ್ಲಿ ಯಶಸ್ವಿಯಾದದ್ದು ಪಾವಗಡದಲ್ಲಿ ಆಗುತ್ತದೆ ಎಂಬ ಭರವಸೆ ಇಲ್ಲ. ಪಾವಗಡದಲ್ಲಿ ಆದದ್ದು ಜಯನಗರದಲ್ಲಿ ಆಗಿಯೇ ಆಗುತ್ತದೆ. ಎರಡು ತ್ರೈಮಾಸಿಕ ಹಳೆಯ ದಾರಿ, ಹೊಸ ದಾರಿ ಎರಡೂ ಜೊತೆಜೊತೆಗೆ ನಡೆಯಲಿ. ಎರಡರ ಅಂಕಿ ಎಲ್ಲಿ ಬೇರೆಯಾಯಿತು ಎಂದು ನೋಡಿ. ಮೂರನೆಯದಕ್ಕೆ ಹಳೆಯ ದಾರಿ ಮುಚ್ಚಿ. ಎರಡನ್ನೂ ವರ್ಷಗಟ್ಟಲೆ ಎಳೆದರೆ ಸಿಬ್ಬಂದಿಗೆ ಡಬಲ್ ಕೆಲಸ, ಅವರು ಮನಸ್ಸಿನಲ್ಲೇ ಬೈದುಕೊಂಡು ಹಳೆಯದಕ್ಕೆ ಅಂಟಿಕೊಳ್ಳುತ್ತಾರೆ.

ತರಬೇತಿಯನ್ನು ಬೆಂಗಳೂರಿನ ಹೋಟೆಲ್ ಹಾಲ್‌ನಲ್ಲಿ ಇಡಬೇಡಿ. ಉಪವಿಭಾಗದ ಕಚೇರಿಯಲ್ಲಿ, ಆ ತಿಂಗಳ ನಿಜವಾದ ಹಾಳೆ ಇಟ್ಟುಕೊಂಡು, ಅದನ್ನು ದಿನಾ ತುಂಬುವ ಸಹಾಯಕರ ಪಕ್ಕ ಕೂತು ಮಾಡಿ. ನಮೂನೆಯಲ್ಲಿ ಯಾವ ಅಂಕಣ ಅಸಂಬದ್ಧ ಎಂದು ಅವರೇ ಹೇಳುತ್ತಾರೆ. ಅವರು ಹೇಳಿದ ತಿದ್ದುಪಡಿಯನ್ನು ಮುಂದಿನ ತಿಂಗಳೊಳಗೆ ಮಾಡಿ ತೋರಿಸಿ. ಆಮೇಲೆ ಒತ್ತಾಯ ಬೇಕಾಗುವುದಿಲ್ಲ.

ಸುತ್ತೋಲೆ ಒಂದೂವರೆ ಪುಟ ಮೀರದಿರಲಿ. ಯಾವ ವರದಿ, ಯಾವ ತಿಂಗಳಿನಿಂದ, ಯಾವ ನಮೂನೆ, ಯಾರ ಹೊಣೆ, ಹಾರ್ಡ್ ಕಾಪಿ ಬೇಡ, ಸಂದೇಹವಿದ್ದರೆ ಯಾರಿಗೆ ಕೇಳಬೇಕು. ಅಷ್ಟೇ. ನಮೂನೆ ಮತ್ತು ನಿಘಂಟು ಅನುಬಂಧದಲ್ಲಿ.

ಹಳೆಯ ವರದಿಗಳನ್ನು ಏನು ಮಾಡುವುದು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಎಲ್ಲವನ್ನೂ ಟೈಪ್ ಮಾಡಿಸಲು ಹೋಗಬೇಡಿ. ಒಳಬಂದ ಯೂನಿಟ್, ಮಾರಾಟ, ಗ್ರಾಹಕರು, ಐಪಿ ಸೆಟ್ ಬಳಕೆ ಈ ನಾಲ್ಕರ ಹತ್ತು ವರ್ಷದ ತಿಂಗಳವಾರು ಅಂಕಿ ಮಾತ್ರ ಹೊಸ ಹಾಳೆಗೆ ತನ್ನಿ. ಉಳಿದವನ್ನು ಸ್ಕ್ಯಾನ್ ಮಾಡಿ, ವರ್ಷ ಮತ್ತು ವಿಷಯದ ಹೆಸರಿಟ್ಟು ಒಂದು ಫೋಲ್ಡರ್‌ನಲ್ಲಿಡಿ. ಯಾರಾದರೂ ಕೇಳಿದಾಗ ಆ ಒಂದನ್ನು ಟೈಪ್ ಮಾಡಿಸಿದರಾಯಿತು.